ಏರಿನಲ್ಲಿ ಮಾತ್ರ ಕೇಳುವ ಸದ್ದು

ಸಿಕ್ಕಿತು! ಎರಡೂವರೆ ತಿಂಗಳು ನನ್ನ ಭಾನುವಾರಗಳನ್ನೆಲ್ಲ ನುಂಗಿದ ಸದ್ದಿನ ಮೂಲ ಈಗ ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣದೊಳಗಿದೆ. ಕಿರುಬೆರಳಿನ ಉಗುರಿನಷ್ಟು ಉದ್ದದ ಸ್ಪ್ರಿಂಗ್, ಅದರಿಂದ ಮುರಿದುಬಿದ್ದ ಒಂದು ಕೊಂಡಿ. ಇಷ್ಟೇ.

ಕಾರು ಅಪ್ಪನದು. 1994ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಲು ಕಾರ್ಬುರೇಟರ್. ಬೇಸಿಗೆಯಲ್ಲಿ ಹೆಡ್ ಇಳಿಸಿ ಡಿಕಾರ್ಬನ್ ಮಾಡಿದ್ದು, ವಾಲ್ವ್ ಉಜ್ಜಿದ್ದು, ಟೈಮಿಂಗ್ ಬೆಲ್ಟ್ ಬದಲಿಸಿದ್ದು ಎಲ್ಲವೂ ಹಳೆಯ ಗಾಡಿ ಕೆದಕುವ ನೀವೂ ಮಾಡಿರುವ ಕೆಲಸಗಳೇ, ಅದನ್ನು ಬರೆಯುವುದಿಲ್ಲ. ಜೋಡಿಸಿದ ಮೇಲೆ ಒಂದು ತಿಂಗಳು ಕಾರು ಬೆಣ್ಣೆಯಂತೆ ಓಡಿತು. ಆಮೇಲೊಂದು ದಿನ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವಾಗ, ಮಂಡಗದ್ದೆ ದಾಟಿದ ಮೇಲೆ, ಲಾರಿಯೊಂದನ್ನು ಹಿಂದೆ ಹಾಕಲೆಂದು ಆಕ್ಸಿಲರೇಟರ್ ಒತ್ತಿದಾಗ ಮೊದಲ ಬಾರಿ ಕೇಳಿಸಿತು.

ತಗಡಿನ ಡಬ್ಬಿಯಲ್ಲಿ ಹುಣಸೆ ಬೀಜ ಹಾಕಿ ಅಲುಗಾಡಿಸಿದಂತಹ ಸದ್ದು. ಮೂರನೇ ಗೇರು, ನಲವತ್ತರ ಆಸುಪಾಸಿನ ವೇಗ, ಮುಂದೆ ಏರು, ಕಾಲು ಒತ್ತಿದರೆ ಟಿರ್ರ್ ಎನ್ನುತ್ತದೆ. ಕಾಲು ಸಡಿಲಿಸಿದರೆ ನಿಲ್ಲುತ್ತದೆ. ಅರವತ್ತು ದಾಟಿದರೆ ತಾನಾಗಿಯೇ ಮಾಯ. ಅಂಗಳದಲ್ಲಿ ನಿಲ್ಲಿಸಿಕೊಂಡು ನ್ಯೂಟ್ರಲ್‌ನಲ್ಲಿ ಎಷ್ಟು ರೇಸ್ ಕೊಟ್ಟರೂ ಒಂದು ಚೂರೂ ಇಲ್ಲ. ಈ ನಾಲ್ಕು ಸಾಲುಗಳನ್ನು ಅಂದೇ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಉತ್ತರ ಪೂರ್ತಿಯಾಗಿ ಅದರಲ್ಲೇ ಇತ್ತು ಎಂಬುದು ಈಗ ಕಾಣುತ್ತಿದೆ.

ನಾನು ಮಾತ್ರ ಊರೆಲ್ಲ ಸುತ್ತಿದೆ. ಸೈಲೆನ್ಸರಿನ ತಗಡಿನ ಕವಚ ಸಡಿಲವೇನೋ ಎಂದು ಕ್ಲಾಂಪ್ ಹಾಕಿದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೂ ಎಳೆತದಲ್ಲಿ ಇಂಥದೇ ಸದ್ದು ಬರುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆ ಒತ್ತಿ, ಜೋಡಣೆಗೆ ಸೋಪಿನ ನೀರು ಹಚ್ಚಿ ನೋಡಿದೆ. ಗುಳ್ಳೆ ಬರಲಿಲ್ಲ, ಮಸಿಯ ಗೆರೆಯೂ ಇಲ್ಲ. ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆಯೇ ಎಂಬ ಭಯದಲ್ಲಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಒಂದೊಂದೇ ಪ್ಲಗ್ ವೈರ್ ಕಳಚಿ, ಉದ್ದದ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿದೆ. ಬೇರಿಂಗ್ ಹೊಡೆತ ಗಟ್ಟಿಯಾಗಿ, ದಪ್ಪವಾಗಿ ತಳದಿಂದ ಬರುತ್ತದೆ. ಅದಿರಲಿಲ್ಲ.

ಊರಿನವರೆಲ್ಲ ಪೆಟ್ರೋಲಿನ ಮೇಲೆ ಬೆರಳು ತೋರಿಸಿದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಶೇಕಡಾ 20 ಎಥನಾಲ್ ಇರುವ ಪೆಟ್ರೋಲಿನ ಆಕ್ಟೇನ್ (ತಾನಾಗಿ ಸಿಡಿಯದೆ ತಡೆಯುವ ಶಕ್ತಿಯ ಅಳತೆ) 95. ಮೊದಲಿನ ಸಾದಾ ಪೆಟ್ರೋಲಿನದು 91. ಆ ಲೆಕ್ಕದಲ್ಲಿ ನಾಕಿಂಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಬರುವ ಸದ್ದು, ಕಡಿಮೆಯೇ ಆಗಬೇಕು. ಆದರೆ ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ಬರುವುದರಿಂದ ಹಳೆಯ ಜೆಟ್ (ಪೆಟ್ರೋಲ್ ಹರಿಯುವ ತೂತು) ಇರುವ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಸಿಲಿಂಡರ್ ಬಿಸಿಯೇರುತ್ತದೆ. ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿದೆ. ಬೆಳ್ಳಗಿದ್ದ ಪ್ಲಗ್ಗುಗಳು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದವು, ಬೆಳಗಿನ ಸ್ಟಾರ್ಟಿಂಗ್ ಸುಧಾರಿಸಿತು. ಸದ್ದು ಹಾಗೆಯೇ ಉಳಿಯಿತು.

ದಾರಿ ತೋರಿಸಿದವರು ನಮ್ಮ ಪೇಟೆಯ ಹಿರಿಯ ಆಟೋ ಎಲೆಕ್ಟ್ರಿಷಿಯನ್. ಪಕ್ಕದಲ್ಲಿ ಕೂರಿಸಿಕೊಂಡು ಕುರುವಳ್ಳಿಯ ಕಡೆಗೆ ಒಂದು ಸುತ್ತು ಹೊಡೆಸಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಸಾರ್, ಟೈಮಿಂಗ್ ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡಿ. ಹೋದರೆ ನಾಕಿಂಗ್, ಹೋಗದಿದ್ದರೆ ಕಬ್ಬಿಣ" ಎಂದರು. ಟೈಮಿಂಗ್ ಎಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು, ಕಬ್ಬಿಣ ಎಂದರೆ ಸವೆದ ಬಿಡಿಭಾಗ. ಅಲ್ಲಿಯೇ ರಸ್ತೆ ಬದಿಗೆ ನಿಲ್ಲಿಸಿ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ ಒಂದು ಕೂದಲೆಳೆ ತಿರುಗಿಸಿದೆ. ಸದ್ದು ಹೋಯಿತು. ಪಿಕಪ್ ಕೂಡ ಹೋಯಿತು, ಎಂಜಿನ್ ಬೇಗ ಬಿಸಿಯಾಯಿತು. ಮನೆಗೆ ಬಂದು, ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದರೆ ಮೊದಲಿನ ಸೆಟ್ಟಿಂಗೇ ಸರಿ ಎನ್ನುತ್ತಿತ್ತು, ಗೆರೆಗೆ ಗೆರೆ ಕೂಡುತ್ತಿತ್ತು.

ನಾನು ನೋಡುತ್ತಿದ್ದುದು ಐಡಲ್‌ನಲ್ಲಿ, ಕಾಲು ಒತ್ತದೆ ಎಂಜಿನ್ ತಾನಾಗಿ ತಿರುಗುವಾಗ ಮಾತ್ರ. ಐಡಲ್‌ನಲ್ಲಿ ಸರಿಯಿರುವ ಟೈಮಿಂಗ್ 2500 ಆರ್‌ಪಿಎಂನಲ್ಲಿಯೂ ಸರಿಯಿರುತ್ತದೆ ಎಂದು ಯಾರು ಹೇಳಿದ್ದರು? ಆ ರಾತ್ರಿ, ಎಂಜಿನ್ನಿನ ಹೀರುಬಲದಿಂದ ಕಿಡಿಯನ್ನು ಮುಂಚಿತಗೊಳಿಸುವ ವ್ಯಾಕ್ಯೂಮ್ ಪೈಪ್ ಕಳಚಿ ಅದರ ಬಾಯಿ ಮುಚ್ಚಿದೆ. ಪೆಡಲ್ ಪೂರ್ತಿ ಒತ್ತಿದಾಗ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಹೇಗೂ ಉಳಿಯುವುದಿಲ್ಲ, ಆದ್ದರಿಂದ ತಪ್ಪು ಅದರದಲ್ಲ. ಉಳಿದದ್ದು ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ಬಿಲ್ಲೆಗಳು, ವೇಗ ಏರಿದಂತೆ ಅಗಲಿಸಿ ಕಿಡಿಯನ್ನು ಮುಂಚಿತಗೊಳಿಸುವಂಥವು. ಮಗಳನ್ನು ಸೀಟಿನಲ್ಲಿ ಕೂರಿಸಿ, "ನಿಧಾನವಾಗಿ ಒತ್ತು ಪುಟ್ಟಿ, ಇನ್ನೂ ನಿಧಾನ" ಎನ್ನುತ್ತ ನಾನು ಗೇರ್‌ಬಾಕ್ಸಿನ ಮೇಲಿನ ಕಿಟಕಿಯೊಳಗೆ ಬೆಳಕು ಬಿಟ್ಟೆ. ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲ್ ಚಕ್ರದ ಮೇಲಿನ ಬಿಳಿ ಗೆರೆ ಅಲುಗಾಡದೆ ನಿಂತಿತ್ತು. ಎಂಜಿನ್ ಇನ್ನೊಂದಿಷ್ಟು ಏರಿತು. ಗೆರೆ ಮೆಲ್ಲಗೆ ಸರಿಯಬೇಕಾದ ಹೊತ್ತಿಗೆ ಒಂದೇ ಜಿಗಿತಕ್ಕೆ ಕಿಟಕಿ ದಾಟಿ ಹೋಯಿತು. ಮೂರು ಬಾರಿ ಮಾಡಿಸಿದೆ, ಮೂರು ಬಾರಿಯೂ ಅದೇ ಜಿಗಿತ. ನನ್ನ ಕೂಗಿಗೆ ಹೆದರಿ ಮಗಳು ಎಂಜಿನ್ ಆಫ್ ಮಾಡಿದಳು.

ಡಿಸ್ಟ್ರಿಬ್ಯೂಟರ್ ಕಳಚಿ, ಪಾಯಿಂಟ್ (ಕಿಡಿ ಹಾರಿಸುವ ಸ್ವಿಚ್ಚು) ಕೂರುವ ತಟ್ಟೆ ಎತ್ತಿದೆ. ಕೆಳಗೆ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಗ್ರೀಸ್. ಎರಡು ಬಿಲ್ಲೆಗಳಲ್ಲಿ ಒಂದನ್ನು ತೆಳುವಾದ ಸ್ಪ್ರಿಂಗ್ ಹಿಡಿದಿತ್ತು. ಇನ್ನೊಂದರ ದಪ್ಪ ಸ್ಪ್ರಿಂಗ್ ಕೊಂಡಿ ಮುರಿದು ಗ್ರೀಸಿನಲ್ಲಿ ಅಂಟಿಕೊಂಡು ಮಲಗಿತ್ತು, ಮುರಿದ ತುದಿ ಮಾತ್ರ ಹೊಸ ಸೂಜಿಯಂತೆ ಹೊಳೆಯುತ್ತಿತ್ತು. ಐಡಲ್‌ನಲ್ಲಿ ಬಿಲ್ಲೆಗಳನ್ನು ಹಿಡಿದಿಡಲು ತೆಳು ಸ್ಪ್ರಿಂಗ್ ಒಂದೇ ಸಾಕು. ವೇಗ ಏರಿದಾಗ ತಡೆಯಬೇಕಾದದ್ದು ದಪ್ಪದ್ದು. ಅದಿಲ್ಲದೆ ಬಿಲ್ಲೆಗಳು ಒಮ್ಮೆಲೇ ಅಗಲಿಸಿ ಪೂರ್ತಿ ಅಡ್ವಾನ್ಸ್ ಕೊಟ್ಟುಬಿಡುತ್ತಿದ್ದವು, ಅಂದರೆ ಕಿಡಿ ತೀರಾ ಬೇಗ ಹಾರುತ್ತಿತ್ತು. ಹೆಚ್ಚಿನ ವೇಗದಲ್ಲಿ ಅಷ್ಟು ಅಡ್ವಾನ್ಸ್ ಬೇಕೇ ಬೇಕು, ಆದ್ದರಿಂದಲೇ ಅರವತ್ತು ದಾಟಿದರೆ ಮೌನ. ನ್ಯೂಟ್ರಲ್‌ನಲ್ಲಿ ಎಂಜಿನ್ನಿಗೆ ಹೊರೆಯಿಲ್ಲ, ಆದ್ದರಿಂದ ಅಲ್ಲಿಯೂ ಮೌನ. ಪುಸ್ತಕದ ಆ ನಾಲ್ಕು ಸಾಲು ತೆಗೆದು ಮತ್ತೆ ಓದಿದೆ.

ಇಷ್ಟಾದ ಮೇಲೆ ಶುರುವಾದದ್ದು ಅಂಗಡಿಗಳ ಗೋಳು. ಶಿವಮೊಗ್ಗದಲ್ಲಿ ಐದು ಅಂಗಡಿ ಹತ್ತಿ ಇಳಿದೆ. ಸ್ಪ್ರಿಂಗ್ ಬಿಡಿಯಾಗಿ ಯಾರಲ್ಲಿಯೂ ಇಲ್ಲ, ಡಿಸ್ಟ್ರಿಬ್ಯೂಟರ್ ಪೂರ್ತಿ ತೆಗೆದುಕೊಳ್ಳಿ ಎನ್ನುತ್ತಾರೆ. ಒಬ್ಬರು ಕೊರಿಯರ್‌ನಲ್ಲಿ "ಹೊಸದು" ಎಂದು ಕಳಿಸಿದ್ದಕ್ಕೆ ಬೆಳ್ಳಿ ಬಣ್ಣ ಹೊಡೆದಿತ್ತು. ಉಗುರಿನಿಂದ ಕೆರೆದರೆ ಅಡಿಯಲ್ಲಿ ತುಕ್ಕು, ಶಾಫ್ಟ್ ಹಿಡಿದು ಅಲುಗಾಡಿಸಿದರೆ ಹಾಲುಹಲ್ಲಿನಂತೆ ಆಡುತ್ತದೆ. ದುಡ್ಡು ಕೊಟ್ಟವನಿಗೆ ಹೀಗೆ ಮಾಡಬಾರದು. ವಾಪಸ್ ಕಳಿಸಿ ಮೂರು ವಾರವಾಯಿತು, ಹಣ ಇನ್ನೂ ಬಂದಿಲ್ಲ. ಕೊನೆಗೆ ಬೆಂಗಳೂರಿಗೆ ಹೋದಾಗ ಶಿವಾಜಿನಗರದ ಗುಜರಿಯಲ್ಲಿ ಒಡೆದ ಡಿಸ್ಟ್ರಿಬ್ಯೂಟರುಗಳ ರಾಶಿಯ ಮುಂದೆ ಒಂದು ಗಂಟೆ ಕುಳಿತು ಆರಿಸಿದೆ. ನನ್ನದರ ಅಳತೆಗೆ ಸರಿಯಾಗಿ ಕೂತ ಒಂದೇ ಒಂದು ಸಿಕ್ಕಿತು.

ಸ್ಪ್ರಿಂಗಿಗೆ ಕಾಯುತ್ತಿದ್ದ ವಾರಗಳಲ್ಲಿ ಅತ್ತೆಯ ಮನೆಯ ಕೊಟ್ಟಿಗೆಯಿಂದ ಯೆಜ್ಡಿ ಬೈಕನ್ನು ಹೊರಗೆ ಎಳೆದೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚುವ ಮೊದಲು ಕಟ್ಟಿದ ಗಾಡಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಟ್ಯಾಂಕಿನ ಮೇಲೆ ಕೋಳಿ ಮೊಟ್ಟೆಯಿಟ್ಟ ಗುರುತಿದೆ, ಪಿಸ್ಟನ್ ಹಿಡಿದುಕೊಂಡಿದೆ. ಸ್ಪಾರ್ಕ್ ಪ್ಲಗ್ ತೂತಿನಲ್ಲಿ ಡೀಸೆಲ್ ತುಂಬಿಟ್ಟಿದ್ದೇನೆ. ಅದರ ಟೈಮಿಂಗನ್ನು ಪಿಸ್ಟನ್ ಮೇಲಿಂದ ಎಷ್ಟು ಮಿಲಿಮೀಟರ್ ಕೆಳಗಿದೆ ಎಂದು ಅಳೆದು ಇಡಬೇಕು, ಡಯಲ್ ಗೇಜ್ ಈಗಲೇ ತಂದಿಟ್ಟಿದ್ದೇನೆ. ಬಿಲ್ಲೆಗಳಿಲ್ಲದ ಎಂಜಿನ್ ಎಂಬುದೇ ಈಗ ನನಗೆ ದೊಡ್ಡ ಸಮಾಧಾನ.

ಹೊಸ ಸ್ಪ್ರಿಂಗ್ ಹಾಕಿ, ಗ್ರೀಸ್ ತೊಳೆದು, ಪಿವೋಟಿಗೆ ಎರಡು ಹನಿ ಎಣ್ಣೆ ಬಿಟ್ಟು ಜೋಡಿಸಿದೆ. ಲೈಟಿನ ಬೆಳಕಿನಲ್ಲಿ ಗೆರೆ ಈ ಸಲ ಮೆಲ್ಲಗೆ ಸರಿಯಿತು. ಮರುದಿನ ಬೆಳಗ್ಗೆ ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಚಹಾ ಕುಡಿದು, ಗಾಜು ಇಳಿಸಿ ಹದಿನಾಲ್ಕು ತಿರುವುಗಳನ್ನು ಹತ್ತತೊಡಗಿದೆ. ತಿರುವು ಮುಗಿದು ನೇರ ಸಿಕ್ಕಲ್ಲೆಲ್ಲ ಮೂರನೇ ಗೇರು ಹಾಕಿ, ಸದ್ದು ಬರಲೇಬೇಕಾದ ಜಾಗದಲ್ಲಿ ಕಾಲು ಒತ್ತಿದೆ. ಮೂರು ಸಿಲಿಂಡರಿನ ಗುಂಯ್ ಮತ್ತು ಕಾಡಿನ ಜೀರುಂಡೆ, ಬೇರೇನೂ ಕೇಳಲಿಲ್ಲ. ಮೇಲೆ ತಲುಪಿ ಕಾರು ತಿರುಗಿಸಿದೆ, ಮತ್ತೆ ಇಳಿದೆ, ಮತ್ತೆ ಹತ್ತಿದೆ.