ಆಳಂದದಿಂದ ಭೀಮಾ ದಂಡೆಗೆ, ಕುದುರೆ ಹುಡುಕುತ್ತಾ

ಆಳಂದಕ್ಕೆ ಹೋಗುವವರು ಹೆಚ್ಚಾಗಿ ಸೂಫಿ ಸಂತ ಲಾಡ್ಲೆ ಮಶಾಕರ ದರ್ಗಾ ನೋಡೋಕೆ ಹೋಗುತ್ತಾರೆ. ಕಲಬುರಗಿಯಿಂದ ಬಸ್ ಹತ್ತಿದ ನಾನೂ ಮೊದಲು ಅಲ್ಲಿಗೇ ಹೋಗಿ ಕೈಮುಗಿದೆ. ಆದರೆ ಮನಸ್ಸಿನಲ್ಲಿದ್ದದ್ದು ಕುದುರೆ.

15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ ಬಹಮನಿಗಳ ಬೀದರಿಗೆ ಬಂದಿದ್ದ. ಮಾರಬೇಕೆಂದು ಒಂದು ಕುದುರೆಯನ್ನೂ ಹಡಗಿನಲ್ಲಿ ತಂದಿದ್ದ. ಈ ಸೀಮೆಯ ಒಂದು ಊರಲ್ಲಿ ವರ್ಷಕ್ಕೊಮ್ಮೆ ಹತ್ತು ದಿನದ ಜಾತ್ರೆ ನಡೆಯುತ್ತದೆ, ಮಾರಾಟಕ್ಕೆ 20,000 ಕುದುರೆ ಬರುತ್ತವೆ ಅಂತ ಬರೆದಿಟ್ಟ. ಆ ಊರು ಆಳಂದವೇ ಅಂತ ಚರಿತ್ರೆ ಬಲ್ಲವರು ಗುರುತಿಸುತ್ತಾರೆ. ಕುದುರೆಗೆ ಸಕ್ಕರೆ, ಎಣ್ಣೆ ಹಾಕಿದ ಖಿಚಡಿ ಬೇಯಿಸಿ ತಿನ್ನಿಸುತ್ತಾರೆ ಅಂತಲೂ ಬರೆದಿದ್ದಾನೆ. ಸಮುದ್ರ ದಾಟಿ ಬಂದ ದುಬಾರಿ ಕುದುರೆಗಳು, ನೋಡಿಕೊಳ್ಳಲೇಬೇಕಲ್ವಾ?

ಆಳಂದದಿಂದ ಅಫಜಲಪುರ. ಅಲ್ಲಿಂದ ಭೀಮಾ ನದಿ ಕಡೆಗೆ ಒಂದು ಟಂಟಂ ಆಟೊ ಸಿಕ್ಕಿತು. ಜೋಳದ ಕೊಯ್ಲು ಮುಗಿದಿತ್ತು. ಕೂಳೆ ಹೊಲದಲ್ಲಿ ಕುರಿ ಹಿಂಡು, ಬದುವಿನ ಜಾಲಿ ನೆರಳಿನಲ್ಲಿ ಒಂದು ಕುದುರೆ.

ಗಿಡ್ಡ ಕುದುರೆ, ಅದರ ಬೆನ್ನು ನನ್ನ ಎದೆಮಟ್ಟಕ್ಕೂ ಬರಲಿಲ್ಲ. ಕಂದು ಮೈ, ಸಣ್ಣ ಗಟ್ಟಿ ಗೊರಸು, ಹೇರು ಹೊತ್ತು ಹೊತ್ತು ಬೆನ್ನ ಮೇಲೆ ಕೂದಲು ಸವೆದ ಎರಡು ಪಟ್ಟೆ. ಮುಂದೆ ಒಂದು ಹಿಡಿ ಕಣಕಿ, ಜೋಳದ ಒಣ ದಂಟು. ಖಿಚಡಿಯ ಮಾತೇ ಇಲ್ಲ.

"ಎಷ್ಟ್ ವರ್ಷದ್ದ್ರೀ ಅಣ್ಣಾ?" ಅಂದೆ. ಕುರಿಗಾಹಿ ಅಣ್ಣ ಅದರ ತುಟಿ ಬಿಡಿಸಿ ಹಲ್ಲು ತೋರಿಸಿದರು. "ನೀವೇ ನೋಡ್ರಿ, ಇನ್ನಾ ಜ್ವಾನ ಐತಿ." ಅವರಿಗೆ ಅದು ಸುಮ್ನೆ ತಟ್ಟು, ಅಂದರೆ ಗಿಡ್ಡ ಕುದುರೆ. ದಖನಿ ಕುದುರೆ ಅಂತ ಹಳೆಯ ದಾಖಲೆಗಳಲ್ಲಿ ಬರುವುದು ಇಂಥವೇ. ಮರಾಠರ ದಂಡು ಬೆಟ್ಟ ಹತ್ತಿ ಇಳಿದದ್ದು ಇವುಗಳ ಮೇಲೆ. ಪುಣೆ, ಸೊಲ್ಲಾಪುರ ಕಡೆ ಧನಗರ ಕುರಿಗಾಹಿಗಳು ಸಾಕಿಕೊಂಡು ಬಂದ ಈ ಬಗೆಯ ಕುದುರೆಗೆ ಈಚೆಗೆ ಭೀಮಥಡಿ, ಅಂದರೆ ಭೀಮಾ ದಂಡೆಯದು, ಎಂಬ ಹೆಸರಿನಲ್ಲಿ ದೇಸಿ ತಳಿಯ ಮಾನ್ಯತೆ ಸಿಕ್ಕಿದೆ. ಅದೇ ಭೀಮೆ ಇಲ್ಲಿ ಅಫಜಲಪುರ, ಜೇವರ್ಗಿ ದಾಟಿ ಯಾದಗಿರಿ ಕಡೆಗೆ ಹರಿಯುತ್ತಾಳೆ. ನದಿ ಜೊತೆ ಕುರಿಯೂ ಬಂತು, ಕುದುರೆಯೂ ಬಂತು.

ರಾತ್ರಿ ಕುರಿ ತರುಬಿದ ಹೊಲಕ್ಕೆ ಗೊಬ್ಬರ ಸಿಗುತ್ತದೆ, ಅದಕ್ಕೆ ರೈತರು ಕಾಳೋ ದುಡ್ಡೋ ಕೊಡುತ್ತಾರೆ. ಗೊಬ್ಬರ ಬಿದ್ದಮೇಲೆ ಮುಂದಿನ ಹೊಲ. ಅಂದರೆ ಮನೆ ಆಗಾಗ ಎದ್ದು ನಡೆಯಬೇಕು. ನಾನು ಹೋದ ಹೊತ್ತಿಗೆ ಮನೆ ಏಳುತ್ತಿತ್ತು.

ಹೇರು ಕಟ್ಟಿದ್ದು ಆ ಮನೆಯ ಅವ್ವ. ಮೊದಲು ಬೆನ್ನ ಮೇಲೆ ಗೋಣಿ ಚೀಲ, ಮೇಲೆ ಮಡಿಸಿದ ಕಂಬಳಿ. ಎಡಕ್ಕೆ ಹಿಟ್ಟಿನ ಚೀಲ, ಬಲಕ್ಕೆ ಪಾತ್ರೆ. ಎರಡನ್ನೂ ಕೈಯಲ್ಲಿ ಎತ್ತಿ ತೂಗಿ ನೋಡಿ, ಒಂದು ಕಡೆಯಿಂದ ತವೆ ತೆಗೆದು ಇನ್ನೊಂದು ಕಡೆ ಹಾಕಿದಳು. ಕುರಿ ದಡ್ಡಿಯ ಬಲೆ ಸುತ್ತಿ ನಡುವೆ ಇಟ್ಟು, ಹಗ್ಗವನ್ನು ಹೊಟ್ಟೆಯಡಿಯಿಂದ ತಂದು ಮೊಣಕಾಲು ಒತ್ತಿ ಬಿಗಿದಳು. ಕೊನೆಗೆ ಆ ದಿನವೇ ಹುಟ್ಟಿದ ಎರಡು ಮರಿಗಳನ್ನು ಜೋಳಿಗೆಯಲ್ಲಿ ಕೂರಿಸಿ ಇಳಿಬಿಟ್ಟಳು. ಕುದುರೆ ಕಿವಿ ಕೂಡ ಅಲ್ಲಾಡಿಸಲಿಲ್ಲ. ಇಷ್ಟು ಚೊಕ್ಕ ಕೆಲಸ ನಾನು ಕಂಡದ್ದು ಕಡಿಮೆ.

"ಈಗ ಭಾಳ ಮಂದಿ ಟೆಂಪೋ ಮಾಡ್ತಾರ್ರಿ. ಟೆಂಪೋ ಹೊಲದಾಗ ಬರ್ತದೇನು?" ಅಂದಳು. ನನಗೂ ಹಾಗೇ ಅನ್ನಿಸಿತು. ಕೋಟೆ ನೋಡೋಕೆ ಬೀದರಿಗೆ ಹೋಗಿ ಸುಲ್ತಾನರ ಕುದುರೆಗಳ ಕಥೆ ಕೇಳಿ ಬರುತ್ತೇವೆ. ಇವತ್ತೂ ದುಡಿಯುತ್ತಿರುವ ಕುದುರೆ ರಸ್ತೆ ಬದಿಯಲ್ಲೇ ಇದೆ, ಅದನ್ನು ಯಾರೂ ಕೇಳುವುದಿಲ್ಲ. ತಳಿಗೆ ಮಾನ್ಯತೆ ಸಿಕ್ಕರೆ ಸಾಲದು. ಕುರಿಯವರಿಗೆ ಮೇವು, ದಾರಿ, ಪಶುವೈದ್ಯರು ಸಿಕ್ಕರೆ ಮಾತ್ರ ಕುದುರೆ ಉಳಿಯುತ್ತದೆ.

ಕುದುರೆ ಎಲ್ಲಿಂದ ತಂದಿರಿ ಅಂತ ಕೇಳಿದ್ದಕ್ಕೆ ಅಣ್ಣ ಹೇಳಿದ್ದು ನಾಂದೇಡ ಜಿಲ್ಲೆಯ ಮಾಳೆಗಾಂವದ ಹೆಸರು. ಅಲ್ಲಿ ಖಂಡೋಬನ ಜಾತ್ರೆಯಲ್ಲಿ ಕುದುರೆ ವ್ಯಾಪಾರ ಇವತ್ತಿಗೂ ಜೋರು. "ಬರ್ರಿ, ನಾವೂ ಹೋಗಾವ್ರೇ," ಅಂದರು. ಹೋಗುತ್ತೇನೆ.