ಮೊದಲ ಹಿಮ ಬಿದ್ದ ಬೆಳಗ್ಗೆ

ಕಣ್ಣು ಬಿಡುವ ಮೊದಲೇ ಗೊತ್ತಾಯಿತು, ಹೊರಗೆ ಏನೋ ಬದಲಾಗಿದೆ ಅಂತ. ಅಷ್ಟು ಮೌನ. ಪರದೆ ಸರಿಸಿದರೆ ಹಿಮ! ಈ ಚಳಿಗಾಲದ ಮೊದಲ ಹಿಮ, ಹಿಂಜಿದ ಹತ್ತಿಯ ಹಾಗೆ, ಒಂದಿಷ್ಟೂ ಅವಸರವಿಲ್ಲದೆ ಇಳಿಯುತ್ತಿತ್ತು. ಹೊಸ ಹಿಮದ ಪದರದೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಸಂದುಗಳಿರುತ್ತವೆ, ಅವು ಸದ್ದನ್ನು ಹೀರಿಕೊಳ್ಳುತ್ತವೆ, ಅದಕ್ಕೇ ಆ ಮೌನ. ಕಾರಣ ಗೊತ್ತಿದ್ದರೂ ಮೈ ಜುಮ್ಮೆನ್ನುವುದು ನಿಲ್ಲುವುದಿಲ್ಲ, ಅಲ್ವಾ?

ಕೋಟು ಹಾಕಿಕೊಂಡು ಓಡಿದೆ. ಕೋಟಿನ ಕಪ್ಪು ತೋಳಿನ ಮೇಲೆ ಒಂದು ಹಿಮದ ಹರಳು ಬಂದು ಕೂತಿತು. ಆರು ಕೈ, ಒಂದೊಂದರಲ್ಲೂ ಗರಿಯಂಥ ಕುಸುರಿ. 1885ರಲ್ಲಿ ಅಮೆರಿಕದ ರೈತ ವಿಲ್ಸನ್ ಬೆಂಟ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಇಂಥದ್ದೇ ಹರಳಿನ ಫೋಟೋ ತೆಗೆದರು, ಆಮೇಲೆ ಜೀವನವಿಡೀ 5,000ಕ್ಕೂ ಜಾಸ್ತಿ ತೆಗೆದರು. ಅವರ ಆ ಹುಚ್ಚು ನನಗೆ ಪೂರ್ತಿ ಅರ್ಥವಾಗುತ್ತದೆ. ನನ್ನ ಉಸಿರು ತಗುಲಿತು, ಹರಳು ಹನಿಯಾಯಿತು. ಸುಮ್ನೆ ಮುಖ ಮೇಲೆತ್ತಿ ನಿಂತೆ. ರೆಪ್ಪೆಯ ಮೇಲೆ ಇನ್ನೊಂದು ಬಿತ್ತು.