ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸವೇ? ಮೊದಲು ಹಳೇ ರೈಲು ದಾರಿ ಹಿಡೀರಿ

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯಬೇಕು, ಆದ್ರೆ ಕಾರು ಲಾರಿ ಕಾಟ ಇರಬಾರದು, ಯಾವ ದಾರಿ ಒಳ್ಳೇದು ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ. ನನ್ನ ಉತ್ತರ ಬದಲಾಗಿಲ್ಲ. ಮೊದಲು ಹಳೇ ರೈಲು ದಾರಿ, ಅಂದರೆ ಹಳಿ ಕಿತ್ತು ಸೈಕಲ್‌ಗೆ ಬಿಟ್ಟುಕೊಟ್ಟ ಹಾದಿ. ಕಾಲುವೆ ದಂಡೆ ಆಮೇಲೆ. ಲ್ವಾರ್ ನದಿ ಅದಕ್ಕೂ ಆಮೇಲೆ.

ಎಷ್ಟೋ ಜನಕ್ಕೆ ಇದು ರುಚಿಸುವುದಿಲ್ಲ. ಅವರ ಮನಸ್ಸಿನಲ್ಲಿ ಲ್ವಾರ್ ತೀರದ ಅರಮನೆಗಳು ಕೂತಿರುತ್ತವೆ. ಆ ದಾರಿ ಚೆನ್ನಾಗಿಲ್ಲ ಅಂತಲ್ಲ. ಸುಮಾರು 900 ಕಿ.ಮೀ. ಉದ್ದಕ್ಕೂ ನದಿಯ ಜೊತೆಯಲ್ಲೇ ಅಟ್ಲಾಂಟಿಕ್ ದಡ ಸೇರುತ್ತದೆ. ಆದರೆ ಅದು 'ವೆಲೋರೂತ್'. ಅಂದರೆ ಸೈಕಲ್‌ಗೆಂದು ಗುರುತು ಹಾಕಿದ ದೂರದ ದಾರಿ. ನಡುವೆ ಕಾರು ಓಡಾಡುವ ಹಳ್ಳಿ ರಸ್ತೆಗಳೂ ಬರುತ್ತವೆ. ವಾಹನವೇ ಬೇಡ ಅನ್ನುವವರು ನಕ್ಷೆಯಲ್ಲಿ ಹುಡುಕಬೇಕಾದ್ದು 'ವ್ವಾ ವೆರ್ತ್', ಅಂದರೆ ಹಸಿರು ದಾರಿ. 2004ರಿಂದ ಇದಕ್ಕೆ ಅಲ್ಲಿನ ಸಂಚಾರ ಕಾನೂನಿನಲ್ಲೇ ಪ್ರತ್ಯೇಕ ಜಾಗ ಇದೆ. ಮೋಟಾರು ವಾಹನಕ್ಕೆ ಪ್ರವೇಶ ಇಲ್ಲ. ನಡೆಯುವವರು, ಸೈಕಲ್‌ನವರು, ಕೆಲವು ಕಡೆ ಕುದುರೆ ಸವಾರರು, ಅಷ್ಟೇ.

ರೈಲು ದಾರಿ ಬಗ್ಗೆ ನಾನು ಇಷ್ಟು ಹಠ ಹಿಡಿಯುವುದಕ್ಕೆ ಕಾರಣ ನಮ್ಮಪ್ಪ. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಲಿಯೋನ್‌ನಲ್ಲಿ ಇದ್ದೇನೆ. ಅವರು ನನ್ನ ಜೊತೆ ಇರೋಕೆ ಬಂದಾಗ ಸುಮ್ನೆ ಮ್ಯೂಸಿಯಂ ಸುತ್ತಿಸುವುದಕ್ಕಿಂತ ಇದು ವಾಸಿ ಅನ್ನಿಸಿತು. ಮಂಡಿ ನೋವು ಇದೆ ಅಂತ ಅವರಿಗೊಂದು ಎಲೆಕ್ಟ್ರಿಕ್ ಸೈಕಲ್ ಬಾಡಿಗೆಗೆ ತಗೊಂಡೆವು. ನನ್ನದು ಮಾಮೂಲಿ ಸೈಕಲ್, ಹಿಂದೆ ಎರಡು ಬದಿ ಚೀಲ.

ಹೋಗಿದ್ದು ಬರ್ಗಂಡಿಗೆ. ಲಿಯೋನ್‌ನಿಂದ ಪ್ರಾದೇಶಿಕ ರೈಲು ಟಿಇಆರ್ ಹತ್ತಿ ಮಾಕೊನ್‌ನಲ್ಲಿ ಇಳಿದೆವು. ಊರಾಚೆ ಶಾರ್ನೆ ಎಂಬಲ್ಲಿ ಹಸಿರು ದಾರಿ ಶುರು. ಅಲ್ಲಿಂದ ಕ್ಲೂನಿ, ಕೊರ್ಮತೆ, ಸೇಂಟ್-ಜಾಂಗೂ, ಬುಕ್ಸಿ ದಾಟಿ ಜಿವ್ರಿ ತನಕ ಹಳೇ ರೈಲು ಹಾದಿ. ಕ್ಲೂನಿ–ಜಿವ್ರಿ ನಡುವಿನ 44 ಕಿ.ಮೀ. 1997ರಲ್ಲಿ ತೆರೆದದ್ದು. ಫ್ರಾನ್ಸಿನ ಮೊಟ್ಟಮೊದಲ ಹಸಿರು ದಾರಿ ಅದೇ. ಹಳಿ, ಸ್ಲೀಪರ್, ಜಲ್ಲಿ ಎಲ್ಲ ತೆಗೆದು ಡಾಂಬರು ಹಾಸಿದ್ದಾರೆ. ನುಣ್ಣಗಿದೆ.

ನನಗೆ ಕಂಡದ್ದು ದ್ರಾಕ್ಷಿ ತೋಟ, ದೂರದಲ್ಲಿ ಸೊಲುತ್ರೆಯ ಬಂಡೆ, ಬಿಳಿ ದನಗಳು. ಅಪ್ಪನಿಗೆ ಕಂಡದ್ದೇ ಬೇರೆ. "ನೋಡಮ್ಮ, ಇದು ಕಟಿಂಗ್, ಗುಡ್ಡ ಕಡಿದು ಮಾಡಿದ ದಾರಿ. ಇಲ್ಲಿ ತೆಗೆದ ಮಣ್ಣನ್ನೇ ಮುಂದೆ ಏರಿಗೆ ಹಾಕಿರ್ತಾರೆ" ಅಂದರು. ಸ್ವಲ್ಪ ಮುಂದೆ ಹೋದರೆ ನಿಜವಾಗಿ ದಾರಿ ಏರಿಯ ಮೇಲಿತ್ತು. ಸೈಕಲ್ ನಿಲ್ಲಿಸಿ ಬಗ್ಗಿ, ಕೆಳಗಿನ ಮೋರಿ ನೋಡಿದರು. ಕಲ್ಲಿನ ಕಮಾನು, ಒಂದು ಕಲ್ಲೂ ಜರುಗಿಲ್ಲ. ಅದನ್ನು ಕೈಯಲ್ಲಿ ಸವರಿ, "ಯಾರು ಕಟ್ಟಿದ್ರೋ, ಚೆನ್ನಾಗಿ ಕಟ್ಟಿದಾರೆ" ಅಂದರು. ಅಷ್ಟು ದೂರದ, ಭಾಷೆ ಬಾರದ ನಾಡಿನಲ್ಲಿ ಅಪ್ಪ ಅಷ್ಟು ಸಲೀಸಾಗಿ ಇದ್ದದ್ದು ನೋಡಿ ನನಗೆ ಹೊಟ್ಟೆ ತುಂಬಿತು.

ಏರಿನ ವಿಷಯ ಅವರಿಂದಲೇ ನನಗೆ ಸರಿಯಾಗಿ ಅರ್ಥವಾಯಿತು. ಉಗಿ ಎಂಜಿನ್‌ಗೆ ಕಡಿದಾದ ಏರು ಆಗುವುದಿಲ್ಲ. ಚಕ್ರವೂ ಕಬ್ಬಿಣ, ಹಳಿಯೂ ಕಬ್ಬಿಣ, ಜಾರುತ್ತದೆ. ಹಾಗಾಗಿ ನೂರು ಮೀಟರಿಗೆ ಎರಡು ಮೂರು ಮೀಟರಿಗಿಂತ ಜಾಸ್ತಿ ಏರು ಸಾಮಾನ್ಯವಾಗಿ ಇಡುತ್ತಿರಲಿಲ್ಲ. ಗುಡ್ಡ ಅಡ್ಡ ಬಂದರೆ ಕಡಿಯುವುದು, ತಗ್ಗು ಬಂದರೆ ತುಂಬುವುದು. ಅಂದು ಎಂಜಿನ್‌ಗಾಗಿ ಪಟ್ಟ ಆ ಪಾಡೆಲ್ಲ ಇಂದು ನಮ್ಮ ಮಂಡಿಗೆ ಬಂದ ಲಾಭ. ಗುಡ್ಡಗಾಡಿನ ಚೆಲುವೆಲ್ಲ ಸಿಗುತ್ತದೆ, ಗುಡ್ಡ ಹತ್ತುವ ಏದುಸಿರು ಇಲ್ಲ. ಕಾಲುವೆ ದಂಡೆ ಇನ್ನೂ ಸಮತಟ್ಟು ನಿಜ, ಆದರೆ ಅಲ್ಲಿ ನೋಟ ಬದಲಾಗುವುದೇ ಅಪರೂಪ.

ಈ ದಾರಿಯ ದೊಡ್ಡ ಸಂಗತಿ ಬ್ವಾ-ಕ್ಲೇರ್ ಸುರಂಗ. ಮಾಕೊನ್ ಕಡೆಯಿಂದ ಬೆರ್ಜೆ ಕೋಟೆಯ ಕೆಳಗೆ ನಿಧಾನವಾಗಿ ಹತ್ತಿ ಹೋದರೆ ಗುಡ್ಡದ ಬುಡದಲ್ಲಿ ಅದರ ಬಾಯಿ. ಉದ್ದ 1.6 ಕಿ.ಮೀ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ಕಾಲಿಟ್ಟ ಕೂಡಲೇ ಚಳಿ. ಸ್ವೆಟರ್ ಚೀಲದ ಮೇಲ್ಗಡೆಯೇ ಇಟ್ಟುಕೊಳ್ಳಿ. ದೀಪ ಇದೆ, ಆದರೂ ಸೈಕಲ್ ದೀಪ ಹಚ್ಚಲೇಬೇಕು. ಮೇಲಿಂದ ತಟ್ ತಟ್ ಅಂತ ನೀರು ಬೀಳುತ್ತದೆ. ಗೋಡೆಯಲ್ಲಿ ಅಲ್ಲಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಗೂಡು. ರೈಲು ಬಂದಾಗ ಹಳಿ ಕೆಲಸದವರು ಒತ್ತಿಕೊಂಡು ನಿಲ್ಲುವ ಜಾಗ. ಅಪ್ಪ ಸೈಕಲ್ ಇಳಿದು ಒಂದು ಗೂಡಿನೊಳಗೆ ಬೆನ್ನು ಕೊಟ್ಟು ನಿಂತರು. "ಹೀಗೇ ನಿಲ್ತಿದ್ವಿ. ಗಾಡಿ ಹೋಗೋವಾಗ ಗಾಳಿ ಎಳೆಯುತ್ತೆ. ಕಣ್ಣು ಮುಚ್ಚಿಕೋಬೇಕು" ಅಂದರು. ಅವರ ಕೆಲಸದ ಬಗ್ಗೆ ಅಷ್ಟು ವರ್ಷ ಕೇಳದೇ ಇದ್ದ ಮಾತು ಅದು. ಹಿಂದಿನಿಂದ ಬಂದ ಒಂದು ಫ್ರೆಂಚ್ ಕುಟುಂಬ ಬೆಲ್ ಮಾಡಿ, ಬೊಂಜೂರ್ ಹೇಳಿ ಮುಂದೆ ಹೋಯಿತು.

ಚಳಿಗಾಲದಲ್ಲಿ ಈ ಸುರಂಗ ಮುಚ್ಚಿರುತ್ತದೆ. ಒಳಗೆ ಬಾವಲಿಗಳು ನಿದ್ದೆಗೆ ಹೋಗುತ್ತವೆ, ಅವಕ್ಕೆ ತೊಂದರೆ ಆಗಬಾರದು ಅಂತ. ಆಗ ಗುಡ್ಡ ಹತ್ತಿ ಇಳಿಯುವ ಬದಲಿ ದಾರಿ ಇದೆ. ವಯಸ್ಸಾದವರ ಜೊತೆ ಹೋಗುವುದಾದರೆ ಮೇ, ಜೂನ್, ಇಲ್ಲಾ ಸೆಪ್ಟೆಂಬರ್ ಸರಿ.

ಕ್ಲೂನಿ ಹತ್ತಿರವೇ ಪ್ಯಾರಿಸ್–ಲಿಯೋನ್ ಟಿಜಿವಿ, ಅಂದರೆ ಅತಿ ವೇಗದ ರೈಲಿನ ಲೈನ್ ಹಾದು ಹೋಗುತ್ತದೆ. 1981ರಲ್ಲಿ ಶುರುವಾದ ಆ ಲೈನಿನಲ್ಲಿ ಒಂದೂ ಸುರಂಗ ಇಲ್ಲ. ಎಂಜಿನ್‌ಗೆ ಅಷ್ಟು ಬಲ ಇರುವುದರಿಂದ ನೂರಕ್ಕೆ ಮೂರೂವರೆ ಏರಿನಲ್ಲೂ ಗುಡ್ಡದ ಮೇಲೆಯೇ ಓಡಿಸಿದ್ದಾರೆ. ಇದನ್ನು ಹೇಳಿದಾಗ ಅಪ್ಪ ನಂಬಲೇ ಇಲ್ಲ. ಫೋನಿನಲ್ಲಿ ತೋರಿಸಬೇಕಾಯಿತು. ಒಂದೇ ಗುಡ್ಡಸಾಲು, ಹಳಬರು ತೂತು ಕೊರೆದರು, ಹೊಸಬರು ಹತ್ತಿ ಇಳಿದರು. ಕ್ಲೂನಿಯ ಮಠ 910ರಲ್ಲಿ ಸ್ಥಾಪನೆಯಾದದ್ದು, ಅದರ ಚರ್ಚು ಒಂದು ಕಾಲಕ್ಕೆ ಕ್ರೈಸ್ತ ಜಗತ್ತಿನಲ್ಲೇ ದೊಡ್ಡದು. ಈಗ ಉಳಿದಿರುವುದು ಒಂದು ತುಣುಕು. ನೋಡಿ ಬನ್ನಿ. ಆದರೆ ಊಟದ ಹೊತ್ತಿಗೂ ನಾವು ಮಾತಾಡಿದ್ದು ಟಿಜಿವಿ ಏರಿನ ಬಗ್ಗೆಯೇ.

ಊಟ ಅಂದೆ. ಹಳ್ಳಿಗಳಲ್ಲಿ ಹನ್ನೆರಡರಿಂದ ಎರಡು, ಆಮೇಲೆ ಅಡುಗೆಮನೆ ಬಂದ್. ಭಾನುವಾರ ಮಧ್ಯಾಹ್ನ, ಸೋಮವಾರ ಅಂಗಡಿ ತೆರೆದಿರುತ್ತೆ ಅಂತ ನಂಬಬೇಡಿ. ಅಪ್ಪ ಸಸ್ಯಾಹಾರಿ. ಬೆಳಿಗ್ಗೆಯೇ ಬೇಕರಿಯಲ್ಲಿ ಬ್ಯಾಗೆಟ್ ಅನ್ನುವ ಉದ್ದ ಬ್ರೆಡ್ ಕಟ್ಟಿಸಿಕೊಂಡು, ಜೊತೆಗೆ ಟೊಮ್ಯಾಟೊ, ಮಾಕೊನೆ ಅನ್ನುವ ಪುಟ್ಟ ಮೇಕೆ ಹಾಲಿನ ಚೀಸ್ ಇಟ್ಟುಕೊಳ್ಳುತ್ತಿದ್ದೆವು. ಬ್ಯಾಗೆಟ್ ಒಂದು ಯೂರೊ ಚಿಲ್ಲರೆ. ಹಳೇ ಸ್ಟೇಷನ್ ಕಟ್ಟಡದ ನೆರಳಲ್ಲಿ ಕೂತು ತಿಂದರೆ ಅದಕ್ಕಿಂತ ಬೇರೆ ಊಟ ಬೇಕಾ?

ನೀರಿಗೆ ಒಂದು ಉಪಾಯ: ಊರಿನ ಸ್ಮಶಾನದಲ್ಲಿ ನಲ್ಲಿ ಇರುತ್ತದೆ. ಹೂಗಿಡಗಳಿಗೆ ಹಾಕಲು. 'ನೊಂ ಪೊತಾಬ್ಲ್' ಅಂತ ಫಲಕ ಇದ್ದರೆ ಕುಡಿಯಬೇಡಿ. ಇಲ್ಲಿ ದೂರದ ದಾರಿ ಹೋಗುವ ಸೈಕಲ್‌ನವರು ಎಷ್ಟೋ ಜನ ಅಲ್ಲೇ ಬಾಟಲಿ ತುಂಬಿಸುತ್ತಾರೆ. ಅಪ್ಪ ಮಾತ್ರ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಮುಂದಿನ ಊರಿನ ಕಾಫಿ ಅಂಗಡಿಯಲ್ಲಿ ಕೇಳಿದರೆ ನಗುತ್ತಲೇ ತುಂಬಿಸಿ ಕೊಟ್ಟರು.

ಒಂದು ಕಿರಿಕಿರಿ ಹೇಳಲೇಬೇಕು. ರಸ್ತೆ ಅಡ್ಡ ಬಂದಲ್ಲೆಲ್ಲ ಕಾರು ನುಗ್ಗದಂತೆ ಅಡ್ಡಗಂಬ ಹಾಕಿರುತ್ತಾರೆ. ಕೆಲವು ಕಡೆ ಸಂದು ಎಷ್ಟು ಕಿರಿದು ಅಂದರೆ ಬದಿ ಚೀಲ ಇರುವ ಸೈಕಲ್ ತೂರಿಸಲು ಇಳಿದು ತಳ್ಳಲೇಬೇಕು. ಮಗುವಿನ ಟ್ರೇಲರ್ ಇದ್ದರೆ ಇನ್ನೂ ಕಷ್ಟ. ಅಲ್ಲಿ ರಸ್ತೆಯವರಿಗೇ ಮೊದಲ ಹಕ್ಕು ಇರುವುದು ಜಾಸ್ತಿ, ನಿಂತು ನೋಡಿ ದಾಟಿ. ಆ ಕ್ರಾಸಿಂಗ್ ಪಕ್ಕದ ಪುಟ್ಟ ಮನೆಗಳು ಹಳೇ ಗೇಟ್‌ಮನ್‌ಗಳದ್ದು. ಈಗ ಯಾರೋ ಗುಲಾಬಿ ಬೆಳೆಸಿಕೊಂಡು ಬದುಕುತ್ತಿದ್ದಾರೆ.

ಕಾಲುವೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ದಕ್ಷಿಣ ಫ್ರಾನ್ಸಿನ ಮಿದಿ ಕಾಲುವೆ 1666ರಿಂದ 1681ರವರೆಗೆ ಪಿಯೆರ್-ಪೋಲ್ ರಿಕೆ ತೋಡಿಸಿದ್ದು. ಅವರು ಮುಗಿಯುವ ಮೊದಲೇ ತೀರಿಕೊಂಡರು. ದಂಡೆಯ ಪ್ಲೇನ್ ಎಂಬ ಜಾತಿಯ ನೆರಳು ಮರಗಳಿಗೆ ಶಿಲೀಂಧ್ರ ರೋಗ ತಗುಲಿದ್ದು 2006ರಲ್ಲಿ ಗೊತ್ತಾಯಿತು. ಅಂದಿನಿಂದ ಸಾವಿರಾರು ಮರ ಕಡಿದು ಬೇರೆ ಜಾತಿಯವನ್ನು ನೆಡುತ್ತಿದ್ದಾರೆ. ಪ್ರವಾಸದ ಪೋಸ್ಟರಿನಲ್ಲಿ ಕಾಣುವ ನೆರಳು ಎಲ್ಲ ಕಡೆ ಸಿಗಲ್ಲ. ತುಲೂಸ್‌ನಿಂದ ಪೋರ್-ಲೊರಗೆ ತನಕ ಸುಮಾರು 50 ಕಿ.ಮೀ. ಡಾಂಬರು, ಅದರಾಚೆ ಹಲವು ಕಡೆ ಮಣ್ಣು, ಬೇರು, ಕಲ್ಲು. ಕಾಲುವೆಯೇ ಬೇಕು ಅಂದರೆ ತುಲೂಸ್‌ನಿಂದ ವಿರುದ್ಧ ದಿಕ್ಕಿಗೆ, ಗರೋನ್ ಕಾಲುವೆಗೆ ಹೋಗಿ. ದಾರಿ ಚೆನ್ನಾಗಿದೆ. ಆಜೆಂನಲ್ಲಿ ಕಾಲುವೆಯೇ 23 ಕಮಾನುಗಳ ಕಲ್ಲು ಸೇತುವೆ ಮೇಲೆ ಗರೋನ್ ನದಿಯನ್ನು ದಾಟುತ್ತದೆ. ಕೆಳಗೆ ನದಿ, ಮೇಲೆ ದೋಣಿ, ಪಕ್ಕದಲ್ಲಿ ನೀವು.

ಬೋರ್ಡೋ ಕಡೆ ಹೋದರೆ ಸೊವೆತೆರ್-ದ-ಗಿಯೆನ್ ತನಕ ಇನ್ನೊಂದು ಹಳೇ ರೈಲು ದಾರಿ ಇದೆ. ಅದಕ್ಕೆ ರೊಜೆ ಲಪೆಬಿ ಹೆಸರು. 1937ರ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದವರು, ಗೇರ್ ಬದಲಿಸುವ ಡಿರೇಲರ್ ಬಳಸಿ ಗೆದ್ದ ಮೊದಲಿಗರು. ಆ ಹೆಸರಿನ ದಾರಿಯಲ್ಲಿ ಗೇರ್ ಬದಲಿಸುವ ಕೆಲಸ ಅಷ್ಟಾಗಿ ಬೀಳುವುದಿಲ್ಲ.

ಮುಂದಿನ ಸಲಕ್ಕೆ ಅಪ್ಪನಿಗೆ ನಾನು ಗುರುತು ಹಾಕಿಟ್ಟಿರುವುದು ದಕ್ಷಿಣದ ಪಾಸಾ ಪಾಯಿಸ್. ಮಜಾಮೆಯಿಂದ ಬೆದಾರಿಯೂ ತನಕ ಸುಮಾರು 80 ಕಿ.ಮೀ., ಬೆಟ್ಟದ ನಡುವೆ. ನಡುವಿನ ಒಂದು ಸುರಂಗದ ಈಚೆ ಬಿದ್ದ ಮಳೆ ಅಟ್ಲಾಂಟಿಕ್‌ಗೆ, ಆಚೆ ಬಿದ್ದದ್ದು ಮೆಡಿಟರೇನಿಯನ್‌ಗೆ. ಎರಡೂ ತುದಿಯ ಊರಿನಲ್ಲಿ ಈಗಲೂ ರೈಲು ನಿಲ್ದಾಣ ಇದೆ, ಹಾಗಾಗಿ ಬಂದ ದಾರಿಯಲ್ಲೇ ವಾಪಸ್ ತುಳಿಯಬೇಕಾಗಿಲ್ಲ. ಟಿಜಿವಿಯಲ್ಲಿ ಸೈಕಲ್‌ಗೆ ಮೊದಲೇ ಜಾಗ ಕಾದಿರಿಸಬೇಕು, ಇಲ್ಲವೇ ಬಿಚ್ಚಿ 130×90 ಸೆಂ.ಮೀ. ಚೀಲದಲ್ಲಿ ತುಂಬಬೇಕು. ಟಿಇಆರ್‌ನಲ್ಲಿ ಆ ರಗಳೆ ಕಮ್ಮಿ, ಆದರೂ ಬೇಸಿಗೆಯಲ್ಲಿ ಸೈಕಲ್ ನೇತುಹಾಕುವ ಕೊಕ್ಕೆಗಳು ಬೇಗ ತುಂಬುತ್ತವೆ. ಬೆಳಗಿನ ಮೊದಲ ಗಾಡಿಗೇ ಹೋಗಿ. ಉಳಿಯಲು 'ಅಕೈ ವೆಲೋ' ಫಲಕ ಇರುವ ಜಾಗ ಹುಡುಕಿ. ಅವು ಸೈಕಲ್ ದಾರಿಯಿಂದ 5 ಕಿ.ಮೀ. ಒಳಗೇ ಇರುತ್ತವೆ, ರಾತ್ರಿ ಸೈಕಲ್‌ಗೆ ಬೀಗ ಹಾಕಿಡುವ ಜಾಗವೂ ಇರುತ್ತದೆ.